ಕೋಡಿಗೆ ಬಿಟ್ಟ ಕಾಯಿ

ಅಂಕನಪಾಳ್ಯ
12-6-1980

ಅಪ್ಪನಿಗೆ ಹೊಂಬಾಳೆಯ ನಮಸ್ಕಾರ. ಅವ್ವನಿಗೂ.

ನಮ್ಮ ಮನೆ ಜಗಲಿಯ ಮೇಲೆ ನಿಂತರೆ ಹೊನ್ನೇಕೆರೆ ಏರಿಯ ಮೇಲಿನ ಹುಣಸೆಮರ ಕಾಣುತ್ತೆ. ಮೂರು ಮೈಲಿ ದಾರಿ. ಈ ಕಾಗದ ಮಾತ್ರ ಕಿಬ್ಬನಹಳ್ಳಿಗೆ ಹೋಗಿ, ತಿಪಟೂರು ನೋಡಿಕೊಂಡು, ಚಿಕ್ಕನಾಯಕನಹಳ್ಳಿ ಸುತ್ತಿ, ಹಂದನಕೆರೆಯಲ್ಲಿ ಸುಧಾರಿಸಿಕೊಂಡು ನಿನ್ನ ಕೈಗೆ ಬರುತ್ತೆ. ನಡುವೆ ಇರೋ ಹಳ್ಳವೇ ಎರಡು ತಾಲ್ಲೂಕಿನ ಗಡಿ ಅಂತ ಇಷ್ಟೆಲ್ಲ ಮೆರವಣಿಗೆ. ಮೊದಲಾಗಿದ್ದರೆ ಸಂತೆಗೆ ಹೋಗುವವರ ಕೈಲಿ ಮಾತು ಕಳಿಸುತ್ತಿದ್ದೆ. ಈಗ ನಿಮ್ಮೂರಿನವರು ಇಲ್ಲಿಗೆ, ಇಲ್ಲಿಯವರು ನಿಮ್ಮೂರಿಗೆ ಕಾಲಿಡುವುದೇ ನಿಂತುಹೋಗಿದೆ.

ವಿಷಯಕ್ಕೆ ಬರ್ತೀನಿ. ಹೊನ್ನೇಕೆರೆ ಕೋಡಿಯ ಮೇಲೆ ನೀವೆಲ್ಲ ಸೇರಿ ಒಂದು ವರಸೆ ಕಲ್ಲು ಏರಿಸಿ ಗಾರೆ ಮೆತ್ತಿದ್ದೀರಿ ಅಂತ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮುಂದೆ ನಿಂತು ಕಟ್ಟಿಸಿದವನು ನೀನೇ ಅಂತೆ. ಕೇಳೋಕೆ ಬಂದ ನಮ್ಮ ಊರಿನವರಿಗೂ ನಿಮ್ಮವರಿಗೂ ಕೈ ಕೈ ಮಿಲಾಯಿಸಿತಂತೆ. ನಮ್ಮ ಮನೆಯವರ ಅಂಗಿ ತೋಳು ಹರಿದಿದೆ. ಯಾರು ಹರಿದದ್ದು ಅಂದರೆ ಹೇಳಲ್ಲ, ಸುಮ್ಮನೆ ನಗ್ತಾರೆ. ನನ್ನ ತಮ್ಮನೇ ಇರಬೇಕು.

ನಿಮ್ಮ ಕೆರೆ ತುಂಬಿ ಕೋಡಿ ಬಿದ್ದರೆ ತಾನೇ ಆ ನೀರು ಹಳ್ಳಕ್ಕಿಳಿದು ನಮ್ಮ ಕೆರೆಗೆ ಬರೋದು? ನಮಗೆ ಬೇರೆ ಹೊಳೆ ಇಲ್ಲ. ನಿನಗೆ ಗೊತ್ತಿರೋದನ್ನೇ ಬರೀತಿದ್ದೀನಿ, ಮರೆತಿದ್ದೀಯೇನೋ ಅಂತ. ಕೋಡಿ ಬಿದ್ದ ದಿನ ಅಂಕನಪಾಳ್ಯಕ್ಕೆ ಕೊಟ್ಟ ಹೆಣ್ಣುಮಕ್ಕಳನ್ನು ಕರೆಸಿ, ಕೋಡಿಕಲ್ಲಿನ ಮೇಲೆ ಕೂರಿಸಿ ಮಡಿಲು ತುಂಬೋದು ನಿಮ್ಮೂರಿನ ಪದ್ಧತಿ. ಮಡಿಲು ತುಂಬಿಸಿಕೊಂಡವಳು ಅರಿಶಿನದ ದಾರ ಕಟ್ಟಿದ ಸುಲಿಯದ ತೆಂಗಿನಕಾಯಿಯನ್ನು ತನ್ನ ಕೈಯಾರೆ ನೀರಿಗೆ ಬಿಡಬೇಕು. ಅದು ತೇಲಿಕೊಂಡು ಇಲ್ಲಿಗೆ ಬಂದರೆ ನೀರು ಬಂತು ಅಂತ ಅರ್ಥ. ಇಲ್ಲಿಯವರು ಅದನ್ನು ಒಡೆಯಲ್ಲ. ಹಳ್ಳದ ದಂಡೆಯಲ್ಲಿ ನೆಟ್ಟು, ಬಿಟ್ಟವಳ ಹೆಸರಿಟ್ಟು ಕರೀತಾರೆ. ಇಲ್ಲಿ ಸಾಲಾಗಿ ನಿಂತಿರೋ ಮರಗಳಿಗೆಲ್ಲ ನಿಮ್ಮೂರ ಹೆಣ್ಣುಮಕ್ಕಳದೇ ಹೆಸರು. ರಂಗಮ್ಮನ ಮರ ಈಗ ಮುಗಿಲು ಮುಟ್ಟಿದೆ. ನನ್ನ ಮದುವೆಯಾದ ವರ್ಷ ನಾನು ಬಿಟ್ಟ ಕಾಯಿ ನನ್ನ ಎದೆಯೆತ್ತರ ಬಂದಿದೆ. ಅದಕ್ಕೆ ದಿನಾ ಮುಸುರೆ ನೀರು ಹೊತ್ತು ಹಾಕ್ತಿದ್ದೀನಿ.

ಈ ಸಲ ಕಾಯಿ ಬಿಡೋಕೆ ಯಾರನ್ನು ಕರೆಸ್ತೀಯ?

ಕೆಳಗಿನದನ್ನು ಅವ್ವನಿಗೆ ಮಾತ್ರ ಓದಿ ಹೇಳು. ನನಗೆ ಈಗ ಮೂರು ತಿಂಗಳು. ನೀನು ಕೇಳಿಸಿಕೊಳ್ಳದವನ ಹಾಗೆ ಇರು.

ನಿನ್ನ
ಹೊಂಬಾಳೆ


ಹೊನ್ನೇಕೆರೆ
25-6-1980

ಮಗಳು ಹೊಂಬಾಳೆಗೆ ಅಪ್ಪನ ಆಶೀರ್ವಾದ, ಅವ್ವನದು ಅದರ ಎರಡರಷ್ಟು.

ಕೇಳಿಸಿಕೊಳ್ಳದವನ ಹಾಗೆ ಇರು ಅಂದಿದ್ದೀಯ. ಇರೋಕಾಗಲಿಲ್ಲ. ಓದುವಾಗ ಗಂಟಲು ಕಟ್ಟಿ ನಿಲ್ಲಿಸಬೇಕಾಯಿತು. ನಿನ್ನವ್ವ ಮುಂದೇನು, ಮುಂದೇನು ಅಂತ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ತಿಳಿದ ಮೇಲೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ನಿನ್ನನ್ನು ಕರೆದುಕೊಂಡು ಬರ್ತೀವಿ. ಬಾಣಂತನಕ್ಕೆ ಅಂತ ಹಿತ್ತಲ ಕಡೆಯ ಕೋಣೆಗೆ ನಿನ್ನೆಯೇ ಸುಣ್ಣ ಹೊಡೆಸಿದೆ. ಇಷ್ಟು ಬೇಗ ಯಾಕೆ ಅಂತ ಎಲ್ಲರೂ ನಕ್ಕರು. ನಗಲಿ.

ಇನ್ನು ಕಲ್ಲಿನ ವಿಷಯ. ನಮ್ಮ ಕೆರೆಯಲ್ಲಿ ಹೂಳು ತುಂಬಿ ನನ್ನ ಕಣ್ಣ ಮುಂದೆಯೇ ಆಳ ಅರ್ಧಕ್ಕೆ ಬಂದಿದೆ. ಹೂಳು ತೆಗೆಸಿಕೊಡಿ ಅಂತ ಅರ್ಜಿ ಬರೆದು ಬರೆದು ಬೆರಳು ಸವೆಯಿತು. ಹೂಳು ನುಂಗಿದ ನೀರನ್ನು ಒಂದು ವರಸೆ ಕಲ್ಲು ಏರಿಸಿ ವಾಪಸ್ಸು ಪಡೆದಿದ್ದೀವಿ, ಅಷ್ಟೆ. ಕೆಳಗಿನವರದ್ದನ್ನು ಕಿತ್ತುಕೊಂಡಿಲ್ಲ. ನಮ್ಮ ಹೊಟ್ಟೆ ತುಂಬಿ ಮಿಕ್ಕಿದ್ದು ನಿಮಗೇ ತಾನೇ ಬರೋದು. ಮಳೆ ಚೆನ್ನಾಗಿ ಹಿಡಿದರೆ ಆ ಕಲ್ಲಿನ ಮೇಲೂ ಹರಿಯುತ್ತೆ. ನಿಮ್ಮ ಮಾವ ಶಿವಣ್ಣನವರಿಗೆ ಇದನ್ನು ಸಮಾಧಾನವಾಗಿ ತಿಳಿಸು. ನಮ್ಮ ಬೀಗರು ನಾಲ್ಕು ಊರು ಕಂಡವರು, ಅರ್ಥ ಮಾಡಿಕೊಳ್ತಾರೆ. ಅಳಿಯಂದಿರ ಅಂಗಿ ಹರಿದವನು ನಿನ್ನ ತಮ್ಮನೇ. ಹೊಸದಕ್ಕೆ ಬಟ್ಟೆ ತೆಗೆದಿಟ್ಟಿದ್ದೀನಿ. ಅಳತೆ ಕಳಿಸು.

ಇನ್ನೊಂದು ಸುದ್ದಿ. ಗೊರೂರಿನ ಹತ್ತಿರ ಕಟ್ಟಿರೋ ಹೇಮಾವತಿ ಅಣೆಕಟ್ಟಿನಿಂದ ನಾಲೆ ತೆಗೆದು ತುಮಕೂರು ಜಿಲ್ಲೆಗೂ ನೀರು ಕೊಡ್ತಾರಂತಲ್ಲ, ಅದು ನಮ್ಮ ಹಂದನಕೆರೆ ಕಡೆಗೂ ಬರಬೇಕು ಅಂತ ಒಂದು ಸಮಿತಿ ಆಗಿದೆ. ನನ್ನನ್ನೂ ಹಾಕಿಕೊಂಡಿದ್ದಾರೆ. ಮೇಲಿನ ತಾಲ್ಲೂಕಿನ ಕೆಲವರು, ನಮಗೆ ಸಾಕಾಗಿ ಉಳಿದರೆ ನೋಡೋಣ ಅಂತಿದ್ದಾರಂತೆ. ಅದನ್ನು ಕೇಳಿ ನನ್ನ ಮೈ ಉರಿದುಹೋಯಿತು.

ಇಗೋ, ನಿನ್ನವ್ವ ಪಕ್ಕದಲ್ಲಿ ಕೂತು, ನಾನು ಹೇಳಿದ ಹಾಗೇ ಬರೀರಿ ಅಂತಿದ್ದಾಳೆ. ಬರೀತಿದ್ದೀನಿ. "ಹೊಂಬಾಳೆ, ಬಿಸಿಲಾಗೆ ಬಿಂದಿಗೆ ಹೊರಬ್ಯಾಡ ಕಣವ್ವ. ನಿಮ್ಮಪ್ಪ ಇಕ್ಸಿರೋ ಕಲ್ಲು ನನ್ಗೂ ಸರಿ ಕಾಣಕಿಲ್ಲ. ಇದ್ನೂ ಬರೀರಿ."

ಬರೆದಿದ್ದೀನಿ.

ನಿನ್ನ ಅಪ್ಪ
ದೊಡ್ಡಣ್ಣ


ಅಂಕನಪಾಳ್ಯ
9-8-1980

ಅಪ್ಪನಿಗೆ ನಮಸ್ಕಾರ.

ಅವ್ವ ಹೇಳಿದ್ದನ್ನು ಹಾಗೇ ಬರೆದೆಯಲ್ಲ, ಅದಕ್ಕೆ ನಿನ್ನ ಮೇಲಿನ ಅರ್ಧ ಕೋಪ ಇಳಿಯಿತು.

ನೀನು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. ಹೂಳಿನ ವಿಷಯಕ್ಕೆ ತಲೆಯಾಡಿಸಿದರು. ಅದು ನಿಜ, ನಮ್ಮ ಕೆರೆಯ ಗತಿಯೂ ಅದೇ ಅಂದರು. ಮುಂದೆ ಓದಿದೆ. ಆಮೇಲೆ ಎಲೆಯಡಿಕೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಮಿಕ್ಕಿದ್ದು ಅಂತ ಬರ್ದವ್ರಾ? ಮನೆ ಮಗಳಿಗೆ ಮಿಕ್ಕಿದ್ದು ಇಕ್ತಾರೇನವ್ವ?" ಅಷ್ಟೇ ಕೇಳಿದ್ದು. ಬೈಯಲಿಲ್ಲ. ಇದಕ್ಕೆ ಉತ್ತರ ಕೊಡಬೇಕಾದವನು ನೀನು. ನಿನಗೆ ಹೊಳೆದರೆ ಬರೆ.

ಇಲ್ಲಿ ಮಳೆ ಬಂದ ಹಾಗೆ ಮಾಡಿ ಹೋಗುತ್ತೆ. ಕೆರೆಯ ಅಂಗಳದಲ್ಲಿ ದನ ಮೇಯ್ತಿವೆ. ತೋಟದಲ್ಲಿ ತೆಂಗಿನ ಹರಳು ಕಾಯಾಗುವ ಮೊದಲೇ ಉದುರ್ತಿವೆ. ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿ ಮರದ ಬುಡದಲ್ಲೂ ಎಳೇ ಹರಳು ಚೆಲ್ಲಿರುತ್ತೆ. ನಮ್ಮತ್ತೆ ಅದನ್ನು ಗುಡಿಸೋಕೂ ಮನಸ್ಸಿಲ್ಲದೆ ನಿಂತುಬಿಡ್ತಾರೆ. ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಿ ಗಂಟು ಹಾಕಿದ್ದೀವಿ. ಆ ಗಂಟು ರಾಟೆಗೆ ಬಂದು ಸಿಕ್ಕಿದಾಗಲೆಲ್ಲ ನೀರು ಸೇದುವ ಹೆಂಗಸರು ನನ್ನ ಕಡೆ ನೋಡ್ತಾರೆ. ಹೊನ್ನೇಕೆರೆಯವಳು ಅಂತ. ಯಾರೂ ಕೆಟ್ಟವರಲ್ಲ. ನನ್ನ ಬಿಂದಿಗೆಯನ್ನು ಅವರೇ ಸೇದಿಕೊಡ್ತಾರೆ, ಬಸುರಿ ಅಂತ. ನೋಡೋದು ಮಾತ್ರ ಬಿಡಲ್ಲ.

ನನ್ನ ಗಿಡದ ಕೆಳಗಿನ ಎರಡು ಗರಿ ಒಣಗಿವೆ.

ಅಳತೆಗೆ ಅಂಗಿ ಕಳಿಸೋಕೆ ಇವರು ಒಪ್ಪಲಿಲ್ಲ. ಹರಿದದ್ದನ್ನೇ ನಾನು ಹೊಲಿದುಕೊಟ್ಟೆ.

ಹೊಂಬಾಳೆ


ಹೊನ್ನೇಕೆರೆ
2-9-1980

ಮಗಳು ಹೊಂಬಾಳೆಗೆ ಆಶೀರ್ವಾದ.

ಉತ್ತರ ತಡವಾಯಿತು. ಸಮಿತಿಯವರ ಜೊತೆ ಬೆಂಗಳೂರಿಗೆ ಹೋಗಿದ್ದೆ. ರಾಜಾಜಿನಗರದಲ್ಲಿ ನಿನ್ನ ಸೋದರಮಾವನ ಮನೆಯಲ್ಲಿ ಉಳಿದಿದ್ದೆ. ಅಲ್ಲಿ ನಲ್ಲಿಯಲ್ಲಿ ಬರೋದು ಕಾವೇರಿ ನೀರಂತೆ. ಅಷ್ಟು ದೂರದಿಂದ ಕೊಳವೆಯಲ್ಲಿ ಹತ್ತಿಸಿಕೊಂಡು ಬರ್ತಾರಂತೆ. ಕುಡಿದು ನೋಡಿದೆ, ನಮ್ಮ ಬಾವಿಯದೇ ರುಚಿ ಅನ್ನಿಸಿತು. ಬೀದಿ ನಲ್ಲಿಯ ಮುಂದೆ ಬೆಳಿಗ್ಗೆ ಬಿಂದಿಗೆಗಳ ಸಾಲು. ಮುಂದಿದ್ದ ಹೆಂಗಸು ಒಂದು ಡ್ರಮ್ಮು ತಂದಿಟ್ಟುಕೊಂಡು ಆರಾಮಾಗಿ ತುಂಬಿಸಿಕೊಳ್ತಿದ್ದಳು. ಹಿಂದಿನವರ ಪಾಳಿ ಬರುವಷ್ಟರಲ್ಲಿ ನೀರು ನಿಲ್ಲುತ್ತೆ ಅಂತ ಅವಳಿಗೂ ಗೊತ್ತು. ಕೊನೆಯಲ್ಲಿ ಒಬ್ಬ ತಮಿಳಿನ ಮುದುಕಿ ಒಂದೇ ಒಂದು ಕೊಡ ಹಿಡಿದು ನಿಂತಿದ್ದಳು. ನಾನು ಸುಮ್ಮನಿರದೆ ಹೋಗಿ ಆ ಡ್ರಮ್ಮನ್ನು ಎತ್ತಿ ಈಚೆಗಿಟ್ಟೆ. ಡ್ರಮ್ಮಿನವಳು ನನಗೆ ಏನೇನೋ ಅಂದಳು. ನಿನ್ನ ಸೋದರಮಾವ ಬಂದು ಕೈಹಿಡಿದು ಎಳೆದುಕೊಂಡು ಹೋದ. ಮುದುಕಿಯ ಕೊಡವಂತೂ ತುಂಬಿತು.

ಆಫೀಸಿನಲ್ಲಿ ನಮ್ಮನ್ನು ಕೂರಿಸಿ ಮಾತಾಡಿಸಿದರು. ಹೇಮಾವತಿ ಹೋಗಿ ಕಾವೇರಿಗೆ ಸೇರುತ್ತಲ್ಲ, ಅದಕ್ಕೆ ಇದು ತಮಿಳುನಾಡಿನವರಿಗೂ ನಮಗೂ ಇರೋ ತಕರಾರಿಗೆ ತಗುಲಿಕೊಂಡಿದೆ ಅಂದರು. ಅವರು ಕೆಳಗೆ, ನಾವು ಮೇಲೆ. ನೀವು ಹಿಡಿದಿಟ್ಟಿರಿ ಅಂತ ಅವರು, ಬಿದ್ದ ಮಳೆ ನಮ್ಮದು ಅಂತ ನಾವು. ಇಲ್ಲಿ ನೋಡಿದರೆ ಹಾಸನದ ಕಡೆಯವರು ಮೇಲೆ, ನಾವು ಕೆಳಗೆ. ತಲೆ ಚಿಟ್ಟು ಹಿಡಿಯಿತು.

ವಾಪಸ್ಸು ಬಂದ ಮೇಲೆ ಒಂದು ಭಾನುವಾರ ಕಿಬ್ಬನಹಳ್ಳಿ ಕ್ರಾಸಿನಲ್ಲಿ ದೊಡ್ಡ ಸಭೆ ಆಯಿತು. ನಾನೂ ಮಾತಾಡಿದೆ. ಮೈಕಿನ ಮುಂದೆ ನಿಂತದ್ದು ಅದೇ ಮೊದಲು. ಆಮೇಲೆ ಅದೆಲ್ಲಿಂದ ಬಂತೋ ಮಾತು! ನೀರು ಮೇಲಿರೋರ ಸ್ವತ್ತಲ್ಲ, ದಾರಿ ಬಿಡೋದಷ್ಟೇ ಮೇಲಿರೋರ ಕೆಲಸ ಅಂದೆ. ನಿನ್ನ ಕಾಗದದಲ್ಲಿ ಬೀಗರ ಮಾತು ಓದಿದ್ದೆನಲ್ಲ, ಅದೂ ಬಾಯಿಗೆ ಬಂತು. ನಮಗೆ ಮಿಕ್ಕಿದ್ದು ಬೇಡ, ಮನೆ ಮಗಳಿಗೆ ಯಾರಾದರೂ ಮಿಕ್ಕಿದ್ದು ಇಕ್ತಾರಾ ಅಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತುಮಕೂರಿನ ವಾರಪತ್ರಿಕೆಯಲ್ಲಿ ನನ್ನ ಹೆಸರು ಹಾಕಿ ಪೂರ್ತಿ ಬರೆದಿದ್ದಾರೆ. ಬೀಗರಿಗೆ ಹೇಳು, ಅವರ ಮಾತಿಗೆ ನಾಲ್ಕು ತಾಲ್ಲೂಕಿನಲ್ಲಿ ಬೆಲೆ ಬಂತು ಅಂತ.

ಸೀಮಂತಕ್ಕೆ ದಿನ ನೋಡಿಸ್ತಿದ್ದೀನಿ. ಊರಿನವರ ಜಗಳ ಊರಿನವರಿಗೆ. ನಿನ್ನನ್ನು ಕರೆತರೋಕೆ ಗಾಡಿ ಕಳಿಸ್ತೀನಿ, ಯಾರು ತಡೀತಾರೋ ನೋಡೋಣ.

ನಿನ್ನ ಅಪ್ಪ
ದೊಡ್ಡಣ್ಣ


ಅಂಕನಪಾಳ್ಯ
20-9-1980

ಅಪ್ಪನಿಗೆ,

ಪತ್ರಿಕೆ ಇಲ್ಲಿಗೂ ಬಂತು. ಮಾವ ನಿನ್ನ ಭಾಷಣವನ್ನು ಕತ್ತರಿಸಿ, ಗಂಜಿ ಹಚ್ಚಿ, ಊರ ಮುಂದಿನ ಟೀ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಓದು ಬರೋರು ಓದ್ತಾರೆ, ಬಾರದೋರು ಓದಿಸಿಕೊಳ್ತಾರೆ. ದಾರಿ ಬಿಡೋದಷ್ಟೇ ಮೇಲಿರೋರ ಕೆಲಸ ಅನ್ನೋದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಎಮ್ಮೆ ದಾರಿಗಡ್ಡ ನಿಂತರೂ ಅದಕ್ಕೆ ನಿನ್ನ ಮಾತನ್ನೇ ಹೇಳ್ತಾರೆ. ನಾನೂ ನಕ್ಕೆ, ಅಪ್ಪ. ಮನೆಗೆ ಬಂದು ಒಳಗೆ ಕೂತು ಅತ್ತುಬಿಟ್ಟೆ.

ಮಾವ ಅಣಕಕ್ಕೆ ಅಂಟಿಸಿದರೇನೋ ಅಂತ ಕೇಳಿಯೂ ಬಿಟ್ಟೆ. ಅಲ್ಲ ಅಂದರು. "ನಿಮ್ಮಪ್ಪ ಆಡಿರೋದ್ರಾಗೆ ಒಂದ್ ಅಕ್ಷರಾನೂ ತಪ್ಪಿಲ್ಲ ಕಣವ್ವ. ಅವ್ರೂ ಒಂದ್ಸಲ ಕೂತ್ಕಂಡು ಓದ್ಲಿ ಅಂತ ಹೇಳು." ಅದಕ್ಕೇ ಒಂದು ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೀನಿ. ಓದು. ಮೈಕಿನ ಮುಂದೆ ಅಲ್ಲ, ಕೋಡಿಯ ಹತ್ತಿರ ಕೂತು ಓದು.

ಗಾಡಿ ಕಳಿಸಬೇಡ. ಇಲ್ಲಿ ಯಾರೂ ನನ್ನನ್ನು ತಡೆದಿಲ್ಲ. ಚೊಚ್ಚಲ ಹೆರಿಗೆ, ಅವ್ವನ ಹತ್ತಿರ ಹೋಗಮ್ಮ, ಊರಿನ ಮಾತು ನಾನು ನೋಡ್ಕೋತೀನಿ ಅಂತ ಮಾವನೇ ಹೇಳಿದರು. ನಾನೇ ಬರಲ್ಲ. ಅಲ್ಲಿ ನನಗೆ ಬಿಸಿನೀರು ಎರೆದು, ಹಾಲು ಕಾಯಿಸಿ ಕೊಟ್ಟು ನೋಡ್ಕೋತೀಯ, ಗೊತ್ತು. ಇಲ್ಲಿ ನನ್ನ ಮನೆಯ ಬಾವಿಗೆ ಬರೋ ನೀರಿಗೆ ಕಲ್ಲು ಅಡ್ಡ ಇಟ್ಟಿದ್ದೀಯ. ನಾನು ಬೇಕು, ನಾನಿರೋ ಊರು ಬೇಡ ಅಂದರೆ ಹೇಗಪ್ಪ? ಹುಟ್ಟೋ ಮಗು ಈ ಊರಿನದು. ಒಣಗಿದ ಕೆರೆಯ ಏರಿ ಮೇಲೆ ಗಾಡಿಯಲ್ಲಿ ಕೂತು, ನೀರು ಸೇದಿಕೊಟ್ಟ ಹೆಂಗಸರ ಮುಂದೆ ಹಾದು, ನೀರಿರೋ ಕೆರೆಯ ಮನೆಗೆ ಬರೋಕೆ ನನಗೆ ಆಗಲ್ಲ.

ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿ ಬರೆದದ್ದಲ್ಲ. ಕಡಿಮೆಯಾಗಿದ್ದರೆ ಸುಮ್ಮನೆ ಬಂದು ಉಂಡು ಮಲಗಿರುತ್ತಿದ್ದೆ.

ಹೊಂಬಾಳೆ


ಹೊನ್ನೇಕೆರೆ
11-10-1980

ಹೊಂಬಾಳೆ, ನಾನು ನಿಮ್ಮವ್ವ ಚಿಕ್ಕಗೌರಮ್ಮ. ಪೋಸ್ಟಿನ ದುರ್ಗಯ್ಯನ ಕೈಲಿ ಬರೆಸ್ತಾ ಇವ್ನಿ. ನಿಮ್ಮಪ್ಪ ತಿಪಟೂರಿಗೆ ಹೋಗವ್ರೆ. ಅವ್ರಿಗೆ ಗೊತ್ತಿಲ್ಲ.

ನಿನ್ ಕಾಗ್ದ ಬಂದಾಗ್ನಿಂದ ಮನೇಲಿ ಮಾತಿಲ್ಲ ಕಣವ್ವ. ಬರೆಯಾಕೆ ಕುಂತ್ಕತಾರೆ, ಹರ್ದಾಕ್ತಾರೆ. ಮುದ್ದೆ ಮುಂದಿಟ್ರೆ ಅರ್ಧ ಮುರ್ದು ಎದ್ದೋಯ್ತಾರೆ. ಸಾಯಂಕಾಲ ಆದ್ರೆ ಕೋಡಿ ತಾವ ಹೋಗಿ ಕುಂತ್ಕಳಾದು. ನೀನು ಕಳಿಸಿದ್ ಪೇಪರ್ ಚೂರು ಜೇಬಲ್ಲೇ ಐತೆ. ಅಂಗಿ ಒಗೆಯಾಕ್ ಹೋದಾಗ ಸಿಕ್ತು, ತೆಗ್ದು ಒಣ್ಗಾಕಿ ಮತ್ತೆ ಅದೇ ಜೇಬಿಗೇ ಮಡಗ್ದೆ.

ಮಳೆ ಹಿಡ್ಕಂಡೈತೆ. ಕೆರೆ ತುಂಬ್ತಾ ಐತೆ. ಊರ್ನೋರಿಗೆಲ್ಲ ಖುಷಿ. ನಂಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ನೀನು ಬರಾಕಿಲ್ಲ ಅಂದಿದ್ದು ತಪ್ಪು ಅಂತ ನಾನು ಹೇಳಾಕಿಲ್ಲ. ಆದ್ರೆ ನಂಗೆ ನೀನು ಬೇಕು. ಎಲ್ಡೂ ನಿಜಾನೇ, ಏನ್ ಮಾಡ್ಲಿ ಹೇಳು.

ಸೊಂಟ ನೋಯ್ತಾ ಇದ್ರೆ ಹರಳೆಣ್ಣೆ ಕಾಯ್ಸಿ ಹಚ್ಚು. ನಿಮ್ಮತ್ತೆಗೆ ಹೇಳು, ಗೌರಮ್ಮ ಕೈ ಮುಗ್ದು ಕೇಳವ್ಳೆ, ನನ್ ಮಗ್ಳುನ್ನ ಅವ್ರ್ ಮಗಳಂಗೆ ನೋಡ್ಕಳ್ಲಿ ಅಂತ.

ಅವ್ವ

(ಬರೆದವನು ಪೋಸ್ಟ್‌ಮ್ಯಾನ್ ದುರ್ಗಯ್ಯ. ಅಮ್ಮನವರು ಹೇಳಿದ್ದನ್ನೇ ಬರೆದಿದ್ದೇನೆ. ಯಜಮಾನರನ್ನು ಬೈದದ್ದು ಮಾತ್ರ ಬಿಟ್ಟಿದ್ದೇನೆ.)


ಹೊನ್ನೇಕೆರೆ
27-10-1980

ನನ್ನ ಹೊಂಬಾಳೆಗೆ,

ಇಷ್ಟು ದಿನ ಬರೆಯಲಿಲ್ಲ. ಮೊದಲು ಕೋಪ ಇತ್ತು. ಕೋಪ ಇಳಿದ ಮೇಲೆ ನಾಚಿಕೆ. ಎರಡಕ್ಕೂ ಲೇಖನಿ ಓಡಲಿಲ್ಲ.

ತಿಪಟೂರಿನಲ್ಲಿ ಸಮಿತಿಯ ಇನ್ನೊಂದು ಸಭೆ ಇತ್ತು. ನನ್ನನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದರು. ನೋಡಿದರೆ ಮುಂದಿನ ಸಾಲಿನಲ್ಲೇ ಬೀಗರು ಕೂತಿದ್ದಾರೆ, ತೊಡೆಯ ಮೇಲೆ ಕೊಡೆ ಅಡ್ಡ ಇಟ್ಟುಕೊಂಡು. ಹೇಮಾವತಿ ಅವರಿಗೂ ಬೇಕಲ್ಲ, ಅದಕ್ಕೇ ಬಂದಿದ್ದರು. ನಾನು ಮೇಲಿರೋರು ಅಂತ ಶುರು ಮಾಡಿದೆ. ಅವರು ಹೌದು ಹೌದು ಅಂತ ತಲೆಯಾಡಿಸಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ. ಅದರಲ್ಲಿ ಅಣಕ ಇದ್ದಿದ್ದರೆ ನನಗೆ ತಿಳಿಯುತ್ತಿತ್ತು, ಇರಲಿಲ್ಲ. ಭಾಷಣ ಅಲ್ಲಿಗೇ ಬಿಟ್ಟೆ. ಮೈ ಸರಿಯಿಲ್ಲ ಅಂತ ಹೇಳಿ ಇಳಿದುಬಿಟ್ಟೆ.

ಸಭೆ ಮುಗಿದ ಮೇಲೆ ಬೀಗರೇ ಬಂದು ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು. ನನ್ನ ಮಂಡಿನೋವು ಹೇಗಿದೆ ಅಂತ ವಿಚಾರಿಸಿದರು. ಕಲ್ಲಿನ ಮಾತು ಎತ್ತಲೇ ಇಲ್ಲ. ಬಸ್ಸು ಹತ್ತಿಸುವಾಗ, "ಹುಡ್ಗಿ ಚೆನ್ನಾಗವ್ಳೆ ಬೀಗ್ರೇ, ನೀವೇನೂ ಚಿಂತೆ ಮಾಡ್ಬ್ಯಾಡಿ" ಅಂದರು. ಬೈದಿದ್ದರೆ ನಾನೂ ಬೈದು ಹಗುರಾಗಿ ಮನೆಗೆ ಬರುತ್ತಿದ್ದೆ. ಈ ಮನುಷ್ಯ ಅದಕ್ಕೂ ದಾರಿ ಬಿಡಲಿಲ್ಲ.

ಶನಿವಾರ ಒಳ್ಳೇ ಮಳೆ ಬಿತ್ತು. ನಿನ್ನೆ ಬೆಳಿಗ್ಗೆ ಕೆರೆ ಹಳೇ ಕೋಡಿಯ ಮಟ್ಟ ದಾಟಿ ಹೊಸ ಕಲ್ಲಿಗೆ ಒರಗಿ ನಿಂತಿತ್ತು. ಊರಿನವರೆಲ್ಲ ನೋಡೋಕೆ ಬಂದಿದ್ದರು. ನಾನು ಹಾರೆ ತರಿಸಿ, ಕಲ್ಲು ತೆಗೆಯೋಣ ಅಂದೆ. ದೊಡ್ಡ ಗಲಾಟೆ ಆಯಿತು. ಇಡಿಸಿದವನೂ ನೀನೇ, ತೆಗೆಸೋನೂ ನೀನೇನಾ ಅಂತ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನನ್ನ ವಾರಿಗೆಯ ದೊಡ್ಡರಂಗಯ್ಯ, ಮಗಳು ಕೆಳಗಿದ್ದಾಳೆ ಅಂತ ಊರ ನೀರು ಹರಿಸ್ತೀಯ ಅಂತ ಎಲ್ಲರ ಮುಂದೆ ಕೇಳಿಬಿಟ್ಟ. ನಾನೂ ಹೇಳಿದೆ. "ಹೂಂ ಕಣ್ಲಾ, ನನ್ ಮಗ್ಳು ಕೆಳಗವ್ಳೆ. ಕೆಳಗಿರೋ ಊರಿಗೆಲ್ಲ ಯಾರ್ದಾರಾ ಮಗ್ಳು ಹೋಗೇ ಇರ್ತಾಳೆ." ಒಂದಷ್ಟು ಜನ ಸುಮ್ಮನಾದರು. ಎಲ್ಲರೂ ಆಗಲಿಲ್ಲ.

ಆಗ ಕೆಂಪಕ್ಕ ಕೋಲೂರಿಕೊಂಡು ಮುಂದೆ ಬಂದಳು. ಊರಿಗೇ ಹಿರಿಯಳು, ಅವಳ ಮಾತು ಮೀರೋ ಹಾಗಿಲ್ಲ. "ಕೆಳಗ್ ಕೊಟ್ಟಿರೋ ಹೆಣ್ಮಗ್ಳು ಕಲ್ಲ್ ಮ್ಯಾಲೆ ಕೂರ್ದೆ ಕೋಡಿ ಬುಡಂಗಿಲ್ಲ" ಅಂದಳು. ಕಲ್ಲು ಇರಲಿ ಅನ್ನೋರಿಗೆ ಅದೇ ಸಾಕಾಯಿತು. ಸರಿ, ಹೆಣ್ಣುಮಕ್ಕಳು ಬರೋವರೆಗೂ ಕಾಯೋಣ ಅಂದರು. ನೀವು ಯಾರೂ ಬರಲ್ಲ ಅಂತ ಎಲ್ಲರಿಗೂ ಗೊತ್ತು. ಬರೋ ಹಾಗೆ ನಾವು ಉಳಿಸಿಕೊಂಡಿಲ್ಲ ಅಂತ ನನಗೆ ಗೊತ್ತು.

ನಾನೇ ಕೂರ್ತೀನಿ ಅಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಕ್ಕರು ನೋಡು, ಏರಿಯೇ ಅದುರುವ ಹಾಗೆ. ನಗುನಗ್ತಾನೇ ನಾಲ್ಕು ಜನ ಬಂದು ಹಾರೆ ಹಿಡಿದರು. ಮೊದಲ ಕಲ್ಲಿಗೆ ನಾನೇ ಹಾರೆ ಹಾಕಿದೆ. ವರಸೆ ಪೂರ್ತಿ ಕಿತ್ತಾದ ಮೇಲೆ ನೀರು ಕಾಲಿನ ಮೇಲೆ ಹರೀತಿದ್ದ ಹಾಗೆಯೇ ಹಳೇ ಕೋಡಿಕಲ್ಲಿನ ಮೇಲೆ ಕೂತೆ, ಹೆಗಲ ಟವೆಲನ್ನು ಮಡಿಲಿಗೆ ಹಾಸಿಕೊಂಡು. ನಿನ್ನವ್ವ ಅಕ್ಕಿ, ಬೆಲ್ಲ, ಎಲೆಯಡಿಕೆ ತಂದು ನನ್ನ ಮಡಿಲು ತುಂಬಿದಳು. ಇಷ್ಟು ವರ್ಷ ಸಂಸಾರ ಮಾಡಿದ್ದೀವಿ, ಅವಳು ಹಾಗೆ ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ. ಕುಂಕುಮವನ್ನೂ ಹಚ್ಚಿದಳು. ಅಷ್ಟು ಹೊತ್ತಿಗೆ ನಗೋರು ಯಾರೂ ಇರಲಿಲ್ಲ.

ಕಾಯಿ ಕೈಯಿಂದ ಬಿಡುವಾಗ, ನಿನ್ನನ್ನು ಗಂಡನ ಮನೆಗೆ ಕಳಿಸಿದ ದಿನದ ಸಂಕಟವೇ ಆಯಿತು ಕಣವ್ವ. ಇಷ್ಟು ವರ್ಷ ದಂಡೆಯ ಮೇಲೆ ನಿಂತು ನೋಡಿದ್ದೆ. ಕಲ್ಲಿನ ಮೇಲೆ ಕೂತವಳಿಗೆ ಹೇಗಿರುತ್ತೆ ಅಂತ ನಿನ್ನೆಯೇ ತಿಳಿದದ್ದು. ಕಾಯಿ ಲಕ್ಕಿಗಿಡದ ಬುಡಕ್ಕೆ ಸಿಕ್ಕಿಕೊಂಡಿತು. ತೂಬು ನೋಡಿಕೊಳ್ಳೋ ನೀರುಗಂಟಿ ಮಾರಯ್ಯ ಕೋಲಿನಿಂದ ಬಿಡಿಸಿ, ಅದರ ಜೊತೆಗೇ ದಂಡೆ ಹಿಡಿದು ಹೋದ.

ಮುಂದಿನ ವರ್ಷ ಇವರು ಮತ್ತೆ ಕಲ್ಲು ಇಡಲ್ಲ ಅಂತ ನಾನು ಮಾತು ಕೊಡಲಾರೆ. ಅರ್ಧ ಊರು ನನ್ನ ಜೊತೆ ಮಾತು ಬಿಟ್ಟಿದೆ. ನಾನು ಇರೋವರೆಗೂ ಜಗಳ ಆಡ್ತೀನಿ, ಅಷ್ಟು ಹೇಳಬಲ್ಲೆ.

ಬಾ ಅಂತ ಬರೆಯಲ್ಲ. ನಿನ್ನನ್ನು ಕರೆಸಿಕೊಳ್ಳೋಕೆ ಬಿಟ್ಟ ನೀರಲ್ಲ ಅದು. ಕೋಣೆಗೆ ಹೊಡೆಸಿದ ಸುಣ್ಣ ಮಾತ್ರ ಹಾಗೇ ಇದೆ.

ನಿನ್ನ ಅಪ್ಪ


ಅಂಕನಪಾಳ್ಯ
29-10-1980

ಅಪ್ಪ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಬರೆದಿದ್ದೀಯೋ ಇಲ್ಲವೋ ಗೊತ್ತಿಲ್ಲ. ಬರೆದಿದ್ದರೆ ಅದು ಈಗ ತಿಪಟೂರಿನಲ್ಲಿ ಎಲ್ಲೋ ಕೂತಿರಬೇಕು. ಕಾಯಿ ಬಂತು.

ಭಾನುವಾರ ಸಂಜೆ ದನ ಹೊಡೆದುಕೊಂಡು ಬರ್ತಿದ್ದವರು ಹಳ್ಳದಲ್ಲಿ ನೀರಿನ ಸದ್ದು ಕೇಳಿ ಕೂಗಿದರು. ಊರಿಗೆ ಊರೇ ಓಡಿತು. ನೀನು ಮಾತ್ರ ಓಡಬೇಡ ಅಂತ ಅತ್ತೆ ನನ್ನ ಸೆರಗು ಹಿಡಿದುಕೊಂಡರು. ನೀರು ಮಣ್ಣಿನ ಬಣ್ಣ, ಮೊದಲು ಕಸಕಡ್ಡಿ, ನೊರೆ. ಅದರ ಹಿಂದೆ ಅರಿಶಿನದ ದಾರದ ಕಾಯಿ, ಅದರ ಹಿಂದೆ ಮಾರಯ್ಯ, ಮಂಡಿವರೆಗೂ ಕೆಸರು. ಕಾಯಿ ಬಿಟ್ಟವಳು ಯಾರು ಅಂತ ಎಲ್ಲರೂ ಕೇಳಿದರು. ಅವನು ನಮ್ಮ ಜಗಲಿಗೆ ಬಂದು ದಣಿವಾರಿಸಿಕೊಂಡು, ನೀರು ಕುಡಿದು, ಆಮೇಲೆ ನಿನ್ನ ಹೆಸರು ಹೇಳಿದ. ಕಲ್ಲು ಕಿತ್ತದ್ದು, ಕೆಂಪಕ್ಕ ಹೇಳಿದ್ದು, ಟವೆಲ್ಲು, ಕುಂಕುಮ, ಒಂದೂ ಬಿಡದೆ ಹೇಳಿದ. ಮಾವ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಆಮೇಲೆ ಒಬ್ಬರೇ ಹಿತ್ತಲಿಗೆ ಹೋಗಿ ಗುದ್ದಲಿ ಹುಡುಕಿ ತಂದರು.

ಕೆರೆ ತುಂಬಿಲ್ಲ. ತುಂಬೋ ಅಷ್ಟು ಬರಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಬಾವಿಗಳಿಗೆ ತಳದಿಂದ ನೀರಿನ ಊಟೆ ಬರುತ್ತೆ ಅಂತಾರೆ. ಬೆಳಿಗ್ಗೆ ಹೆಂಗಸರು ನೀರಿನ ಅಂಚಿಗೆ ಹೋಗಿ ಸುಮ್ಮನೆ ಕಾಲು ಇಟ್ಟುಕೊಂಡು ಕೂತಿದ್ದರು. ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಕಾಯಿ ನೆಟ್ಟಾಯಿತು. ಗುಂಡಿ ತೋಡಿದ್ದು ಮಾವನೇ. ರಂಗಮ್ಮನ ಮರದ ಸಾಲಿನಲ್ಲೇ, ನನ್ನ ಗಿಡದ ಪಕ್ಕಕ್ಕೆ. ಬಿಟ್ಟವಳ ಹೆಸರಿಡೋದು ತಾನೇ ಇಲ್ಲಿಯ ಪದ್ಧತಿ. ಎಲ್ಲರೂ ಆಗಲೇ ದೊಡ್ಡಣ್ಣನ ಮರ ಅಂತ ಕರೀತಿದ್ದಾರೆ. ಹೆಣ್ಣುಮಕ್ಕಳ ಸಾಲಿನಲ್ಲಿ ಮೀಸೆ ಇರೋ ಮರ ಇದೊಂದೇ ಅಂತ ಮಾವ ಹೇಳಿದರು.

ನಾಳೆ ನಮ್ಮ ಮನೆಯ ಗಾಡಿ ಹೊರಡುತ್ತೆ. ಹುಲ್ಲು ಹಾಸಿ ಮೆತ್ತಗೆ ಮಾಡಿದ್ದಾರೆ. ಮಾವನೇ ಹೊಡೆದುಕೊಂಡು ಬರ್ತಾರಂತೆ. ಇವರು ಹೊಲಿದ ಅಂಗಿಯನ್ನೇ ಹಾಕಿಕೊಂಡು ಬರ್ತಾರೆ, ತಮ್ಮನಿಗೆ ತೋರಿಸೋಕೆ.

ಈ ಕಾಗದ ಊರೆಲ್ಲ ಸುತ್ತಿ ನಿನ್ನ ಹತ್ತಿರ ಬರೋ ಹೊತ್ತಿಗೆ ನಾನು ಸುಣ್ಣ ಹೊಡೆದ ಕೋಣೆಯಲ್ಲಿ ಇರ್ತೀನಿ. ದುರ್ಗಯ್ಯ ತಂದುಕೊಟ್ಟರೆ ನನ್ನ ಮುಂದೆಯೇ ಕೂತು, ಅವ್ವನಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದು. ಗಂಟಲು ಕಟ್ಟಿದರೆ ನಿಲ್ಲಿಸು. ನಾವು ಕಾಯ್ತೀವಿ.

ನಿನ್ನ
ಹೊಂಬಾಳೆ